ಮನೆ ಕಂದಾಯ ಹೋದ ವರ್ಷಕ್ಕಿಂತ 1,200 ಜಾಸ್ತಿ, ಮೇಲೆ ಬಾಕಿ 4,317 ಅಂತ ಮೆಸೇಜ್. ಯಾರನ್ನು ಕೇಳಬೇಕು?

ಮೂವತ್ತು_ನಲವತ್ತು
ಏಪ್ರಿಲ್ 2025

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಮಾಗಡಿ ರಸ್ತೆ ಕಡೆ 30-40 ಸೈಟಿನಲ್ಲಿ ಕಟ್ಟಿದ ಹಳೇ ಮನೆ. ಕೆಳಗೆ 8 ಚದರ, ಮೇಲೆ 8 ಚದರ. ಅಪ್ಪ ಇರುವ ತನಕ ಕಂದಾಯ ಅವರದೇ ಖಾತೆ, ನಾವ್ಯಾರೂ ತಲೆ ಹಾಕುತ್ತಿರಲಿಲ್ಲ. ಅವರು ಹೋದ ಮೇಲೆ 4 ವರ್ಷದಿಂದ ನಾನೇ ಆನ್‌ಲೈನ್‌ನಲ್ಲಿ ಕಟ್ಟುತ್ತಿದ್ದೇನೆ. ಕಟ್ಟುವುದು ಅಂದರೆ ಏನು, ಮನೆಯ ಅರ್ಜಿ ಸಂಖ್ಯೆ ಹಾಕುತ್ತೇನೆ, ಪರದೆ ಮೇಲೆ ಒಂದು ಮೊತ್ತ ಬರುತ್ತದೆ, ಬೇಗ ಕಟ್ಟಿದ್ದಕ್ಕೆ ಸಿಗುವ 5% ರಿಬೇಟ್ ಕಳೆದು ಉಳಿದಿದ್ದನ್ನು ಕಟ್ಟಿ ರಸೀದಿ ಇಳಿಸಿಕೊಳ್ಳುತ್ತೇನೆ. ಆ ಮೊತ್ತ ಹೇಗೆ ಬಂತು ಅಂತ ಒಂದು ದಿನವೂ ನೋಡಿದವನಲ್ಲ.

ಹೋದ ವರ್ಷ ಎಂಟೂವರೆ ಸಾವಿರದ ಹತ್ತಿರ ಆಗಿತ್ತು. ಈ ಸಲ ಸರಿಯಾಗಿ 1,200 ಜಾಸ್ತಿ ತೋರಿಸುತ್ತಿದೆ. ಮನೆಗೆ ಒಂದು ಇಟ್ಟಿಗೆ ಸೇರಿಸಿಲ್ಲ. ಸುಣ್ಣ ಬಳಿದೇ 6 ವರ್ಷ ಆಯಿತು. ಹೋಗಲಿ ಅಂದುಕೊಳ್ಳುವಷ್ಟರಲ್ಲಿ ಅಮ್ಮನ ಮೊಬೈಲ್‌ಗೆ ಮೆಸೇಜ್: ನಿಮ್ಮ ಸ್ವತ್ತಿನ ಮೇಲೆ 4,317 ರೂಪಾಯಿ ಬಾಕಿ ಇದೆ, ಕೂಡಲೇ ಪಾವತಿಸಿ. ಯಾವ ವರ್ಷದ್ದು, ಯಾಕೆ, ಏನೂ ಇಲ್ಲ. ಅಮ್ಮನಿಗೆ 71. ಮನೆ ಹರಾಜು ಹಾಕುತ್ತಾರೇನೋ ಅಂತ ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ.

ಒಂದು ವರ್ಷವೂ ತಪ್ಪಿಸದೆ ಕಟ್ಟಿದವರಿಗೆ ಬಾಕಿ ಹೇಗೆ ಬರುತ್ತದೆ? ಪಕ್ಕದ ಮನೆಯವರದ್ದೂ ಇದೇ ಅಳತೆ, ಅವರು ನಮಗಿಂತ ಸುಮಾರು 3 ಸಾವಿರ ಕಡಿಮೆ ಕಟ್ಟುತ್ತಾರಂತೆ. ಗೊತ್ತಿರುವವರು ಹೇಳಿ.


ಟೆರೇಸ್_ತುಳಸಿ

1,200 ಕಸದ್ದು ಕಣ್ರೀ. ಈ ಏಪ್ರಿಲ್‌ನಿಂದ ಶುರುವಾಗಿದೆ, ಕಂದಾಯದ ಜೊತೆಗೇ ವಸೂಲಿ. 600 ಚದರಡಿ ತನಕ ತಿಂಗಳಿಗೆ 10, ಅಲ್ಲಿಂದ 1,000 ತನಕ 50, 2,000 ತನಕ 100, ಹೀಗೆ ಏರುತ್ತಾ ಹೋಗಿ 4,000 ದಾಟಿದರೆ 400. ನಿಮ್ಮದು 16 ಚದರ, ಅಂದರೆ 1,600 ಚದರಡಿ, ತಿಂಗಳಿಗೆ 100. ಹನ್ನೆರಡರಿಂದ ಗುಣಿಸಿ.

ನಮ್ಮ ಬೀದಿಗೆ ಕಸದ ಆಟೋ ಬರುವುದು ಎರಡು ದಿನಕ್ಕೊಮ್ಮೆ. ಬಂದಾಗ ಹಾಡು ಮಾತ್ರ ಜೋರಾಗಿ ಕೇಳಿಸುತ್ತದೆ, ಚಪ್ಪಲಿ ಹಾಕಿಕೊಂಡು ಕೆಳಗಿಳಿಯುವಷ್ಟರಲ್ಲಿ ತಿರುವಿನಲ್ಲಿರುತ್ತದೆ.


ಲೆಕ್ಕದ_ಮೇಷ್ಟ್ರು

ಟೆರೇಸ್ ತುಳಸಿ ಮೇಡಂ ಹೇಳಿದ್ದು ಸರಿ, 1,200 ಕಸದ ಶುಲ್ಕ. ಬಾಕಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಎಂಟೂವರೆ ಸಾವಿರ ಎಲ್ಲಿಂದ ಬಂತು ಅಂತ ನೋಡೋಣ, ಯಾಕೆಂದರೆ ನನಗೆ ಅಲ್ಲೇ ಏನೋ ಅನುಮಾನ.

ಬೆಂಗಳೂರಿನಲ್ಲಿ ನಾವೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದಿದ್ದು 2000ದಲ್ಲಿ. ಈಗಿರುವ ಚದರಡಿ ಲೆಕ್ಕ 2008ರದ್ದು. ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ ನೋಡಿ ಬೀದಿಗಳನ್ನು ಎ ಇಂದ ಎಫ್ ತನಕ 6 ವಲಯ ಮಾಡಿದ್ದಾರೆ. ಮೇನ್ ರೋಡ್ ಒಂದು ವಲಯ, ಅದೇ ರಸ್ತೆಯ ಕ್ರಾಸ್ ಇನ್ನೊಂದು ವಲಯ ಇರಬಹುದು. ಪ್ರತಿ ವಲಯಕ್ಕೂ ಚದರಡಿಗೆ ಇಷ್ಟು ಅಂತ ದರ. ಮಾಲೀಕರೇ ಇದ್ದರೆ ಒಂದು ದರ, ಬಾಡಿಗೆಗೆ ಕೊಟ್ಟಿದ್ದರೆ ಅದರ ಎರಡರಷ್ಟು. ಈ ಎರಡರಷ್ಟು ಅನ್ನುವುದನ್ನು ನೆನಪಿಡಿ.

ಸುಮ್ನೆ ಉದಾಹರಣೆಗೆ ಸ್ವಂತ ವಾಸಕ್ಕೆ ದರ 2 ರೂಪಾಯಿ, ಬಾಡಿಗೆಗೆ 4 ಅಂತ ಇಟ್ಟುಕೊಳ್ಳೋಣ. ಕೆಳಗಿನ ಮನೆ 800 ಚದರಡಿ, ಎರಡರಿಂದ ಗುಣಿಸಿ, ಮತ್ತೆ 10 ತಿಂಗಳಿಂದ ಗುಣಿಸಿ. 12 ಅಲ್ಲ, 10. ಅದು 16,000. ಮೇಲಿನ ಮನೆ ಬಾಡಿಗೆ ಅಂದರೆ 32,000. ಎರಡೂ ಸೇರಿ 48,000. ಇದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಹಾಗೆ ಸವಕಳಿ ಕಳೆಯಬೇಕು. ಕಾಲು ಭಾಗ ಹೋಯಿತು ಅನ್ನಿ, ಉಳಿದಿದ್ದು 36,000. ಅದರ 20% ಕಂದಾಯ, 7,200. ಅದರ ಮೇಲೆ 24% ಸೆಸ್. ಆರೋಗ್ಯ 15, ಗ್ರಂಥಾಲಯ 6, ಭಿಕ್ಷುಕರ ಹೆಸರಿನಲ್ಲಿ 3. ಒಟ್ಟು 8,928. ರಿಬೇಟ್ ಕಳೆದರೆ ಎಂಟೂವರೆ ಸಾವಿರದ ಆಸುಪಾಸು.

ಈಗ ಮೇಲಿನದ್ದೂ ಸ್ವಂತ ವಾಸ ಅಂತ ಹಾಕಿ ನೋಡಿ. 32,000ದಲ್ಲಿ ಕಾಲು ಭಾಗ ಕಳೆದು 24,000, ಕಂದಾಯ 4,800, ಸೆಸ್ ಸೇರಿ 5,952. ಮನೆ ಅದೇ, ಗೋಡೆ ಅದೇ, ವ್ಯತ್ಯಾಸ 2,976.

ಪಕ್ಕದವರು 3 ಸಾವಿರ ಕಡಿಮೆ ಕಟ್ಟುತ್ತಾರೆ ಅಂದಿರಿ ಅಲ್ವಾ? ನಿಮ್ಮ ಮೇಲಿನ ಮನೆಯಲ್ಲಿ ಯಾರಿದ್ದಾರೆ?


ಕಹಿ_ಕಾಫಿ

ಬೈಸಿಕೊಳ್ಳುತ್ತೇನೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಕೋಟಿ ಬಾಳುವ ಮನೆಗೆ ವರ್ಷಕ್ಕೆ ಎಂಟು ಸಾವಿರ. ಮೇಲಿನ ಮನೆಯ ಒಂದು ತಿಂಗಳ ಬಾಡಿಗೆಯ ಅರ್ಧ ಇಲ್ಲ ಅದು. ನಮ್ಮ ಕ್ರಾಸಿನಲ್ಲಿ 11 ಮನೆ, ಎಲ್ಲಾ ಮೂರು ಮಹಡಿ, ಪ್ರತಿ ಮಹಡಿಯಲ್ಲೂ ಬಾಡಿಗೆಯವರು. ಗೇಟಿನ ಪಕ್ಕ ನಾಲ್ಕು ಕರೆಂಟ್ ಮೀಟರ್, ಮೆಟ್ಟಿಲ ಕೆಳಗೆ ನಾಲ್ಕು ಖಾಲಿ ಸಿಲಿಂಡರ್. ಕಂದಾಯದ ಕಾಗದದಲ್ಲಿ ಮಾತ್ರ ಅಷ್ಟೂ ಸ್ವಂತ ವಾಸ. ಆಮೇಲೆ ನೋಟಿಸ್ ಬಂದರೆ ಅನ್ಯಾಯ ಅಂತ ಬೊಬ್ಬೆ. ಬೆಸ್ಕಾಂ ಮೀಟರ್ ಲೆಕ್ಕ ತೆಗೆದು ತಾಳೆ ನೋಡಿದರೆ ಸಿಕ್ಕಿಹಾಕಿಕೊಳ್ಳದೆ ಏನಾಗುತ್ತದೆ ಗುರು?

ರಸ್ತೆ ಬೇಕು, ಚರಂಡಿ ಬೇಕು, ದೀಪ ಬೇಕು. ಕಟ್ಟುವಾಗ ಮಾತ್ರ ಕೈ ನಡುಗುತ್ತದೆ.


ಬಾಡಿಗೆ_ಬಂಧು

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಓನರ್ ಈ ತಿಂಗಳು ಬಂದು, ಕಂದಾಯ ಜಾಸ್ತಿ ಆಯಿತು, ಕಸಕ್ಕೂ ಹಾಕಿದ್ದಾರೆ, ಅದಕ್ಕೆ ಬಾಡಿಗೆ 1,500 ಏರಿಸುತ್ತಿದ್ದೇನೆ ಅಂದರು. ತಿಂಗಳಿಗೆ. ಕಸದ್ದು ವರ್ಷಕ್ಕೆ 1,200 ಅಂತ ಈಗ ತಾನೇ ಇಲ್ಲಿ ಓದಿದೆ.


ಟೆರೇಸ್_ತುಳಸಿ

ಅಯ್ಯೋ.


ಹಳೇ_ಪಂಚಾಯ್ತಿ

ಕಹಿ ಕಾಫಿ ಅಣ್ಣ, ನೀವು ಹೇಳುವ ಜನ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಸುಳ್ಳು ಹೇಳಿದವನಿಗೂ ಸರಿಯಾಗಿ ಕಟ್ಟಿದವನಿಗೂ ಒಂದೇ ನೋಟಿಸ್ ಬಂದಾಗ ಏನು ಮಾಡೋಣ?

2021ರಲ್ಲಿ ಏನಾಯಿತು ನೆನಪಿದೆಯಾ? 2016ರಲ್ಲಿ ದರ ಏರಿಸಿದಾಗ ವಲಯಗಳನ್ನೂ ಬದಲಾಯಿಸಿದ್ದರು. ತುಂಬಾ ಬೀದಿಗಳು ಒಂದು ಮೆಟ್ಟಿಲು ಮೇಲೆ ಹೋದವು. ಜನ ಹಳೇ ವಲಯದಲ್ಲೇ ಕಟ್ಟಿದರು, ವೆಬ್‌ಸೈಟು ತಗೊಂಡಿತು, ರಸೀದಿಯನ್ನೂ ಕೊಟ್ಟಿತು. ಹೀಗೇ 4-5 ವರ್ಷ ನಡೆಯಿತು. ಆಮೇಲೆ ಒಂದು ದಿನ ಸುಮಾರು 78 ಸಾವಿರ ಮನೆಗಳಿಗೆ ನಗರ ಪಾಲಿಕೆ ಬಿಬಿಎಂಪಿಯ ನೋಟಿಸ್: ನೀವು ತಪ್ಪು ವಲಯ ತೋರಿಸಿದ್ದೀರಿ, ವ್ಯತ್ಯಾಸ ಕಟ್ಟಿ, ಅದರ ಎರಡರಷ್ಟು ದಂಡ, ಮೇಲೆ ಬಡ್ಡಿ. ಕೊರೊನಾ ಹೊತ್ತು ಬೇರೆ. ನಮ್ಮ ಚಿಕ್ಕಪ್ಪನಿಗೆ ವ್ಯತ್ಯಾಸ ಬಂದಿದ್ದು 6 ಸಾವಿರ ಚಿಲ್ಲರೆ, ಕಾಗದದ ಕೊನೆಯಲ್ಲಿ ಇದ್ದ ಮೊತ್ತ 20 ಸಾವಿರ ದಾಟಿತ್ತು. ಅವರು ಆ ಕಾಗದ ಹಿಡಿದು ಜಗಲಿ ಮೇಲೆ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕನ್ನಡಕ ತೆಗೆದು ಒರೆಸುವುದು, ಹಾಕಿಕೊಳ್ಳುವುದು, ಮತ್ತೆ ಓದುವುದು.

ನಮ್ಮದು 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಮೊದಲು ಪಂಚಾಯ್ತಿಗೆ ಕಟ್ಟುತ್ತಿದ್ದೆವು, ಬಿಲ್ ಕಲೆಕ್ಟರ್ ಮನೆಗೇ ಬಂದು ಮಜ್ಜಿಗೆ ಕುಡಿದು ರಸೀದಿ ಹರಿದುಕೊಟ್ಟು ಹೋಗುತ್ತಿದ್ದ. ಈಗ ನಗರದ ಕಂದಾಯ, ಬಿ ಖಾತಾ (ಪೂರ್ತಿ ಸಕ್ರಮ ಅಲ್ಲದ ಸ್ವತ್ತಿನ ದಾಖಲೆ), ಕಾವೇರಿ ನೀರಿಗೆ ವರ್ಷಾನುಗಟ್ಟಲೆ ಕಾದು ಟ್ಯಾಂಕರ್ ಕುಡಿದೆವು. ಬಿ ಖಾತಾ ಅಂತ ಕಂದಾಯದಲ್ಲಿ ಒಂದು ಪೈಸೆ ರಿಯಾಯ್ತಿ ಇಲ್ಲ. ಸಾಲ ಕೇಳಲು ಹೋದಾಗ ಮಾತ್ರ ಬ್ಯಾಂಕಿನವರು, ಬಿ ಖಾತಾನಾ, ಅಂತ ಮುಖ ತಿರುಗಿಸುತ್ತಾರೆ.


ಕಹಿ_ಕಾಫಿ

ಚಿಕ್ಕಪ್ಪನ ವಿಷಯ ಒಪ್ಪಿದೆ. ಆದರೂ ವಲಯ ಬದಲಾಗಿದೆ ಅಂತ 2016ರಲ್ಲೇ ಪಟ್ಟಿ ಹೊರಡಿಸಿದ್ದರು ಅಲ್ವಾ? ನೋಡಿಕೊಳ್ಳುವುದು ನಮ್ಮ ಕೆಲಸವೂ ಹೌದು.


ಹಳೇ_ಪಂಚಾಯ್ತಿ

ಪಟ್ಟಿ ನೋಡಬೇಕಾದವರು ನಾವೊಬ್ಬರೇನಾ? ಹಣ ತಗೊಳ್ಳುವ ವೆಬ್‌ಸೈಟಿಗೂ ಪಟ್ಟಿ ಗೊತ್ತಿರಬೇಕಲ್ಲ. ಕಿರಾಣಿ ಅಂಗಡಿಯವನು ಹಳೇ ರೇಟಿಗೆ ಎಣ್ಣೆ ಕೊಟ್ಟು ಐದು ವರ್ಷ ಬಿಟ್ಟು ಬಂದು, ಅವತ್ತು ರೇಟು ಜಾಸ್ತಿ ಇತ್ತು, ವ್ಯತ್ಯಾಸ ಕೊಡಿ, ಬಡ್ಡಿಯನ್ನೂ ಕೊಡಿ ಅಂದರೆ ನೀವು ಸುಮ್ಮನಿರುತ್ತೀರಾ?


ಅವಸರದ_ಆಸಾಮಿ

ನನ್ನದು ಸಣ್ಣ ಕಥೆ. ನನಗೂ ಹಿಂದಿನ ವರ್ಷಗಳ ವ್ಯತ್ಯಾಸ ಅಂತ ನೋಟಿಸ್ ಬಂದಿತ್ತು. ಹೆಂಡತಿ, ಕೋರ್ಟು ಕಚೇರಿ ಬೇಡ, ಕಟ್ಟಿ ಬಿಸಾಕಿ ಅಂದಳು. ಚೀಟಿ ಎತ್ತಿದ ದುಡ್ಡಿನಲ್ಲಿ ದಂಡ, ಬಡ್ಡಿ ಎಲ್ಲಾ ಸೇರಿಸಿ ಕಟ್ಟಿದೆ. ಸ್ವಲ್ಪ ದಿನಕ್ಕೇ 2024ರಲ್ಲಿ ಒಂದೇ ಸಲ ತೀರಿಸುವ ಯೋಜನೆ ಬಂತು. ಬಡ್ಡಿ ಪೂರ್ತಿ ಮಾಫಿ, ದಂಡ ಅರ್ಧ. ಗಡುವು ಜುಲೈ 31 ಅಂದರು, ಸೆಪ್ಟೆಂಬರ್ 30ಕ್ಕೆ ಹೋಯಿತು, ಆಮೇಲೆ ನವೆಂಬರ್ 30. ಕಾನೂನು ತಿದ್ದಿ ಎರಡರಷ್ಟಿದ್ದ ದಂಡವನ್ನೂ ಬಾಕಿಯಷ್ಟಕ್ಕೇ ಇಳಿಸಿದರು.

ನೋಟಿಸನ್ನು ಫ್ರಿಜ್ ಮೇಲೆ ಇಟ್ಟು ಮರೆತಿದ್ದ ನನ್ನ ಭಾವಮೈದುನ ಕಡಿಮೆಯಲ್ಲಿ ಮುಗಿಸಿಕೊಂಡ. ಹಬ್ಬಕ್ಕೆ ಬಂದಾಗಲೆಲ್ಲಾ, ಏನ್ ಭಾವ ಇನ್ನೂ ಅವಸರಾನಾ, ಅಂತ ನಗುತ್ತಾನೆ. ಈ ಹೆಸರು ಇಟ್ಟುಕೊಂಡಿದ್ದೇ ಅದಕ್ಕೆ.


ಮೂವತ್ತು_ನಲವತ್ತು

ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳಬೇಕು.

ರಸೀದಿ ತೆಗೆದು ನೋಡಿದೆ. ಬಾಡಿಗೆ ಕಾಲಂನಲ್ಲಿ 800 ಅಂತ ಇದೆ. ಮೇಲಿನ ಮನೆಯವರು ಖಾಲಿ ಮಾಡಿ 3 ವರ್ಷ ಆಯಿತು, ಈಗ ಅಲ್ಲಿ ನನ್ನ ತಮ್ಮ, ಅವನ ಹೆಂಡತಿ, ಮಗು ಇದ್ದಾರೆ. ತಮ್ಮನ ಹತ್ತಿರ ಬಾಡಿಗೆ ತಗೊಳ್ಳುತ್ತೇವಾ? ಅವನೇ ನಮ್ಮ ಹತ್ತಿರ ಪೆಟ್ರೋಲಿಗೆ ಕೇಳುತ್ತಾನೆ. ಅಂದರೆ ಮೂರು ವರ್ಷ ನಾನು ನೋಡದೆ ಬಟನ್ ಒತ್ತಿ ಹತ್ತಿರ ಹತ್ತಿರ 9 ಸಾವಿರ ಜಾಸ್ತಿ ಕಟ್ಟಿದ್ದೇನೆ.

ಇನ್ನೊಂದು ವಿಷಯ. ಅಪ್ಪನ ಬಿಸ್ಕೆಟ್ ಡಬ್ಬಿ ಅಟ್ಟದಿಂದ ಇಳಿಸಿದೆ. ಕಂದಾಯದ ರಸೀದಿಗಳೆಲ್ಲಾ ವರ್ಷವಾರು ದಾರ ಕಟ್ಟಿ ಇಟ್ಟಿದ್ದಾರೆ. 2008ರ ಅರ್ಜಿಯ ಜೆರಾಕ್ಸ್ ಇದೆ. ಆವತ್ತು ಭಾನುವಾರ, ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅಪ್ಪನ ಕೈಯಲ್ಲಿ. ಸಜ್ಜಾ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಅವರೇ ಅವರ ಜೊತೆ ಅರ್ಧ ಗಂಟೆ ವಾದ ಮಾಡಿದ್ದರು. ಕೊನೆಗೆ ಹಾಲ್‌ನ ಅಳತೆಯಲ್ಲಿ ಅರ್ಧ ಅಡಿ ಜಾಸ್ತಿಯೇ ಬರೆದರು. ಆಮೇಲೆ ಬಂದು ಯಾರೂ ಕಳ್ಳ ಅನ್ನಬಾರದು ಅಂತ. ಪ್ರತಿ ರಸೀದಿಯ ಹಿಂದೆ ಪೆನ್ಸಿಲ್‌ನಲ್ಲಿ ಚೆಕ್ ನಂಬರು, ತಾರೀಖು.

ಅಂಥವರ ಮನೆಗೆ ಬಾಕಿ ಅಂತ ಮೆಸೇಜ್ ಬಂತಲ್ಲ, ಅದಕ್ಕೆ ಅಮ್ಮನಿಗೆ ಬೇಜಾರು. ದುಡ್ಡಿಗಲ್ಲ.


ಲೆಕ್ಕದ_ಮೇಷ್ಟ್ರು

ಡಬ್ಬಿ ಇದೆ ಅಂದರೆ ಅರ್ಧ ಗೆದ್ದ ಹಾಗೆ.

ಏನೂ ಬದಲಾವಣೆ ಇಲ್ಲದವರಿಗೆ ನಮೂನೆ 4. ಕಟ್ಟಡ ಸೇರಿಸಿದರೆ, ಬಾಡಿಗೆ ಬಿಟ್ಟು ಸ್ವಂತ ವಾಸ ಆದರೆ, ಅಥವಾ ಅದರ ತಿರುಗು ಮುರುಗು ಆದರೆ ನಮೂನೆ 5. ನೀವು ಇಷ್ಟು ವರ್ಷ ನಾಲ್ಕರಲ್ಲೇ ಕಟ್ಟಿದ್ದೀರಿ. ಈ ಸಲ ಐದರಲ್ಲಿ ಹೋಗಿ. ತಮ್ಮ ಅಲ್ಲೇ ವಾಸ ಇದ್ದಾರೆ ಅನ್ನುವುದಕ್ಕೆ ಅವರ ಆಧಾರ್, ಗ್ಯಾಸ್ ಪುಸ್ತಕ, ಏನಿದೆಯೋ ಅದರ ಪ್ರತಿ ಜೊತೆಗಿಟ್ಟುಕೊಳ್ಳಿ. ಕೇಳಿದರೆ ತೋರಿಸಲು ಆಗುತ್ತದೆ.

ಬಾಕಿ 4,317ಕ್ಕೆ: ಬಾಯಲ್ಲಿ ಕೇಳಬೇಡಿ. ಬಾಯಲ್ಲಿ ಕೇಳಿದರೆ, ಸಿಸ್ಟಮ್‌ನಲ್ಲಿ ತೋರಿಸುತ್ತಿದೆ ಸರ್, ಅನ್ನುತ್ತಾರೆ. ಯಾವ ವರ್ಷದ್ದು ಎಷ್ಟು, ಯಾವ ವಲಯ, ಯಾವ ದರ ಅಂತ ವರ್ಷವಾರು ವಿವರ ಕೊಡಿ ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ. ಈ ವರ್ಷದ್ದನ್ನು ಮಾತ್ರ ಏಪ್ರಿಲ್ 30ರೊಳಗೆ ಕಟ್ಟಿಬಿಡಿ, ಜಗಳ ಮುಗಿಯಲಿ ಅಂತ ಕಾದು ರಿಬೇಟ್ ಕಳೆದುಕೊಳ್ಳಬೇಡಿ. ರಿಬೇಟ್ ಕೊನೇ ದಿನಾಂಕ 2023ರಲ್ಲಿ ಜೂನ್ 30ಕ್ಕೆ ಹೋಯಿತು, 2024ರಲ್ಲಿ ಜುಲೈ 31ಕ್ಕೆ ಹೋಯಿತು. ಈ ಸಲವೂ ಹೋಗುತ್ತದೆ ಅಂತ ನಂಬಿಕೊಂಡು ಕೂರುವುದು ಜೂಜು.

ಕಹಿ ಕಾಫಿಯವರೇ, ನನಗೆ ಕಂದಾಯ ಜಾಸ್ತಿ ಅನ್ನಿಸುವುದಿಲ್ಲ. ನೀವು ಹೇಳಿದಂತೆ ಕಡಿಮೆಯೇ ಇರಬಹುದು. ಈ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಬೈದುಕೊಂಡೆ, ತಗೊಂಡೆ, ಕಾಫಿ ಕುಡಿದೆ. ಯಾಕೆಂದರೆ ಹಿಂದಿನ ವಾರವೇ ಗೊತ್ತಿತ್ತು. ಆದರೆ ಕಂದಾಯದಲ್ಲಿ ಹಾಗಲ್ಲ. ಮಾರ್ಗಸೂಚಿ ಬೆಲೆಗೇ ಕಂದಾಯ ಗಂಟು ಹಾಕುತ್ತೇವೆ ಅಂತ 2024ರ ಫೆಬ್ರವರಿಯಲ್ಲಿ ಕರಡು ತಂದರು, ಏಪ್ರಿಲ್‌ನಿಂದಲೇ ಜಾರಿ ಅಂದರು, ಗಲಾಟೆ ಆದ ಮೇಲೆ ಸದ್ಯಕ್ಕಿಲ್ಲ ಅಂದರು. ಮಾರ್ಗಸೂಚಿ ಬೆಲೆ 2023ರ ಅಕ್ಟೋಬರ್‌ನಲ್ಲಿ ಆಗಲೇ ಏರಿತ್ತು. ನಾನು ಪೆನ್ಷನ್‌ನಲ್ಲಿ ಬದುಕುವವನು. ಮುಂದಿನ ವರ್ಷ ಎಷ್ಟು ಎತ್ತಿಡಬೇಕು ಅಂತ ಗೊತ್ತಿರಬೇಕು, ಕಳೆದ ವರ್ಷ ಕಟ್ಟಿದ್ದು ಮುಗಿಯಿತು ಅನ್ನುವುದೂ ಗೊತ್ತಿರಬೇಕು. ಎರಡರಲ್ಲಿ ಒಂದಕ್ಕೂ ಗ್ಯಾರಂಟಿ ಇಲ್ಲ.


ಕಹಿ_ಕಾಫಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮೇಷ್ಟ್ರೇ. ಸಿಲಿಂಡರ್ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.


ಏಳನೇ_ಮಹಡಿ

ಅಪಾರ್ಟ್‌ಮೆಂಟಿನವರ ಗೋಳನ್ನೂ ಸ್ವಲ್ಪ ಕೇಳಿ. ನಮ್ಮಲ್ಲಿ ಹಸಿ ಕಸ ಒಳಗೇ ಗೊಬ್ಬರ ಮಾಡುತ್ತೇವೆ, ಒಣ ಕಸ ತಗೊಂಡು ಹೋಗಲು ಖಾಸಗಿಯವರಿಗೆ ತಿಂಗಳು ತಿಂಗಳು ಕೊಡುತ್ತೇವೆ. ನಮ್ಮ ಗೇಟಿನ ಮುಂದೆ ಕಸದ ಆಟೋ ನಿಂತಿದ್ದನ್ನು ನಾನು ನೋಡಿಯೇ ಇಲ್ಲ. ಆದರೂ ಫ್ಲಾಟ್ ಕಂದಾಯದಲ್ಲಿ ಕಸದ ಶುಲ್ಕ ಕೂತಿದೆ. ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನದಿಂದ ಗುಡ್ ಮಾರ್ನಿಂಗ್ ಫೋಟೋ ಕೂಡ ನಿಂತು ಹೋಗಿದೆ, ಬರೀ ಇದೇ ಜಗಳ.


ಮೂವತ್ತು_ನಲವತ್ತು
ಮೇ 2025

ಏನಾಯಿತು ಅಂತ ಹೇಳುತ್ತೇನೆ.

ನಮೂನೆ 5ರಲ್ಲಿ ಈ ವರ್ಷದ್ದು ಕಟ್ಟಿದೆ, ಕಸದ್ದು ಸೇರಿಯೂ ಹೋದ ವರ್ಷಕ್ಕಿಂತ ಕಡಿಮೆ ಬಂತು. ಆಮೇಲೆ ಅರ್ಧ ದಿನ ರಜೆ ಹಾಕಿ ಕಂದಾಯದ ಆಫೀಸಿಗೆ ಹೋದೆ. ಮೊದಲನೇ ದಿನ ಸಾಹೇಬರು ಮೀಟಿಂಗು. ಎರಡನೇ ದಿನ ಸರ್ವರ್ ಡೌನ್. ಮೂರನೇ ದಿನ ಒಬ್ಬ ಹುಡುಗ, ಪಾಪ ಒಳ್ಳೆಯವನು, ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದ. ನಮ್ಮ ಮನೆಗೆ ಎರಡು ಅರ್ಜಿ ಸಂಖ್ಯೆ ಇದೆ! ಒಂದರಲ್ಲಿ ಎಲ್ಲಾ ವರ್ಷ ಕಟ್ಟಿದೆ, 2019ರದ್ದು ಮಾತ್ರ ಇನ್ನೊಂದಕ್ಕೆ ಹೋಗಿ ಕೂತಿದೆ. ಅದಕ್ಕೆ ಇಲ್ಲಿ ಬಾಕಿ. ಡಬ್ಬಿಯಿಂದ 2019ರ ರಸೀದಿ ತೆಗೆದು ಮೇಜಿನ ಮೇಲೆ ಇಟ್ಟೆ. ಹಿಂದೆ ಅಪ್ಪನ ಪೆನ್ಸಿಲ್ ಅಕ್ಷರ. ಆ ಹುಡುಗ ಚೆಕ್ ನಂಬರ್ ಟೈಪ್ ಮಾಡಿದ, ಸಿಕ್ಕಿತು. ಎರಡೂ ಸಂಖ್ಯೆ ಸೇರಿಸಲು ಮೇಲಿನವರ ಸಹಿ ಬೇಕು, ಅರ್ಜಿ ಕೊಟ್ಟು ಹೋಗಿ ಅಂದ. ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ.

ಹಾಗೇ ಕೇಳಿದೆ, ಮೂರು ವರ್ಷ ಬಾಡಿಗೆ ದರದಲ್ಲಿ ಜಾಸ್ತಿ ಕಟ್ಟಿದ್ದೇನಲ್ಲಾ, ಅದನ್ನು ಮುಂದಿನದಕ್ಕೆ ಹೊಂದಿಸಿಕೊಳ್ಳಬಹುದಾ ಅಂತ. ಪಕ್ಕದ ಮೇಜಿನವರು ತಲೆ ಎತ್ತದೆ ಹೇಳಿದರು: "ಹಿಂದಿನದೆಲ್ಲಾ ಈಗ ಬರಲ್ಲ ಸರ್, ನೀವು ಆಗಲೇ ಹೇಳಬೇಕಿತ್ತು."


ಹಳೇ_ಪಂಚಾಯ್ತಿ

ನಾವು ಕೊಡಬೇಕಾದರೆ 2016ರ ತನಕ ಹಿಂದಕ್ಕೆ ಹೋಗುತ್ತಾರೆ. ಅವರು ಕೊಡಬೇಕಾದರೆ ಹಿಂದಿನದು ಬರಲ್ಲ. ಫ್ರೇಮ್ ಹಾಕಿಸಿ ಗೋಡೆಗೆ ಹಾಕಬೇಕು ಈ ಮಾತನ್ನ.


ಅವಸರದ_ಆಸಾಮಿ

ನನ್ನ ಹೆಂಡತಿಗೆ ಓದಿ ಹೇಳಿದೆ. ನಿಮ್ಮಪ್ಪನ ಡಬ್ಬಿ ತರಹದ್ದು ಒಂದು ತಗೊಂಡು ಬನ್ನಿ ಅಂದಳು.


ಮೂವತ್ತು_ನಲವತ್ತು
ಸೆಪ್ಟೆಂಬರ್ 2025

ಕೇಳಿದವರಿಗೆ: ಆ 4,317 ಇನ್ನೂ ಹಾಗೇ ತೋರಿಸುತ್ತಿದೆ. ಸೆಪ್ಟೆಂಬರ್ 2ರಿಂದ ಬಿಬಿಎಂಪಿಯೇ ಇಲ್ಲ, ಬೆಂಗಳೂರಿಗೆ 5 ಪಾಲಿಕೆ ಆಗಿದೆ ಅಲ್ವಾ. ಹೋದ ವಾರ ಹೋಗಿ ಕೇಳಿದರೆ ಆ ಹುಡುಗ ಬೇರೆ ಕಡೆ ವರ್ಗ ಆಗಿದ್ದಾನೆ. ಕಡತಗಳನ್ನು ವಿಂಗಡಿಸುತ್ತಿದ್ದೇವೆ, ನಿಮ್ಮದು ಯಾವ ಗಂಟಿನಲ್ಲಿದೆಯೋ ನೋಡಬೇಕು ಅಂದರು. ಮೇಜಿನ ಪಕ್ಕ ಕೆಂಪು ಬಟ್ಟೆಯ ಗಂಟುಗಳು ಸೊಂಟದ ಎತ್ತರಕ್ಕೆ ಪೇರಿಸಿದ್ದವು, ಮೇಲಿನ ಗಂಟಿನ ಮೇಲೆ ಯಾರದ್ದೋ ಊಟದ ಡಬ್ಬಿ.

ಸೀಲು ಹಾಕಿದ ಪ್ರತಿ ತೋರಿಸಿದೆ. ಅದರದ್ದೊಂದು ಜೆರಾಕ್ಸ್ ಕೊಡಿ, ಹೊಸದಾಗಿ ಇನ್ನೊಂದು ಅರ್ಜಿ ಬರೆದುಕೊಡಿ ಅಂದರು. ಯಾವ ಪಾಲಿಕೆಯ ಹೆಸರಿಗೆ ಬರೆಯಲಿ ಅಂತ ಕೇಳಿದೆ. ಮೂರು ಜನ ಮುಖ ಮುಖ ನೋಡಿಕೊಂಡರು. ಕೊನೆಗೆ ಹಿರಿಯವರೊಬ್ಬರು, "ಮೇಲೆ ಖಾಲಿ ಬಿಡಿ ಸರ್, ನಾವು ತುಂಬಿಕೊಳ್ಳುತ್ತೇವೆ" ಅಂದರು. ಖಾಲಿ ಬಿಟ್ಟು ಬಂದಿದ್ದೇನೆ. ತಾರೀಖು, ಅವರ ಮೇಜಿನ ನಂಬರು ಎರಡನ್ನೂ ಜೆರಾಕ್ಸ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದು ಡಬ್ಬಿಗೆ ಹಾಕಿದೆ.